ಎರಡನೆಯ ಗೋಣಿ

"ನೆನಪಿಲ್ಲ ಮೇಡಂ," ಎಂದರು ಅಪ್ಪ. ಇದು ಮೂರನೆಯ ಸಲ.

ಇನ್‌ಸ್ಪೆಕ್ಟರ್ ಸುಪ್ರೀತಾ ಪೆನ್ನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು. ನನಗೆ ಅಪ್ಪನ ತೋಳು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಒಂದೇ ಒಂದು ಸಣ್ಣ ಸುಳ್ಳು ಸಾಕಿತ್ತು. 'ತೆಗೆದಿದ್ದೇನೆ' ಎಂದುಬಿಟ್ಟರೆ ಅರ್ಧ ತಲೆನೋವು ಮುಗಿಯುತ್ತಿತ್ತು. ಆದರೆ ಅರವತ್ತಮೂರು ವರ್ಷ ಸುಳ್ಳಿನ ತಂಟೆಗೆ ಹೋಗದ ಮನುಷ್ಯನಿಗೆ ಪೊಲೀಸ್ ಠಾಣೆಯಲ್ಲಿ ಕೂರಿಸಿ ಅದನ್ನು ಕಲಿಸುವುದು ಹೇಗೆ?

"ತಾರಾನಾಥರೇ, ಇನ್ನೊಮ್ಮೆ ಕೇಳ್ತೇನೆ," ಎಂದರು ಸುಪ್ರೀತಾ. "ಹೋದ ಗುರುವಾರ ದೇರೆಬೈಲಿನಲ್ಲಿ ವಿನಿಫ್ರೆಡ್ ಅವರ ಮನೆಯ ಬಚ್ಚಲಿನ ಚಿಮಣಿ ಕ್ಲೀನ್ ಮಾಡಿದ್ರಿ. ಮೇಲೆ ಬಿರುಕಿಗೆ ಗಾರೆ ಹಾಕುವಾಗ ಪೈಪಿನ ಬಾಯಿಗೆ ಗೋಣಿ ತುರುಕಿದ್ರಿ. ಕೆಲಸ ಮುಗಿದ ಮೇಲೆ ಆ ಗೋಣಿ ತೆಗೆದ್ರಾ, ಇಲ್ವಾ?"

"ಯಾವಾಗ್ಲೂ ತೆಗೀತೇನೆ ಮೇಡಂ. ಆದ್ರೆ ಆ ದಿನ ತೆಗೆದದ್ದು ನೆನಪಿಗೆ ಬರುವುದಿಲ್ಲ."

ಕಳೆದ ಭಾನುವಾರ ಸಂಜೆ, ಮದುವೆಯ ಹಿಂದಿನ ದಿನ ಕ್ರೈಸ್ತರು ಮಾಡುವ ರೋಸ್ ಶಾಸ್ತ್ರದಲ್ಲಿ ಮೈಗೆಲ್ಲ ತೆಂಗಿನ ಹಾಲು ಹಚ್ಚಿಸಿಕೊಂಡು ಬಿಸಿನೀರ ಸ್ನಾನಕ್ಕೆ ಹೋದ ಮದುಮಗಳು, ವಿನಿಫ್ರೆಡ್ ಅವರ ಮಗಳು ಮೆರ್ಲಿನ್, ಆ ಬಚ್ಚಲುಮನೆಯಲ್ಲೇ ಕುಸಿದಿದ್ದಳು; ನಾಲ್ಕು ದಿನವಾದರೂ ಐಸಿಯುವಿನಲ್ಲಿ ಕಣ್ಣು ಬಿಟ್ಟಿರಲಿಲ್ಲ; ಚಿಮಣಿ ಬಿಚ್ಚಿದ ಪೊಲೀಸರಿಗೆ ಒಳಗೆ ನಮ್ಮ ಗೋಣಿ ಸಿಕ್ಕಿತ್ತು.

ಪೊಲೀಸರ ಲೆಕ್ಕ ಸರಳ. ಅಪ್ಪ ಗೋಣಿ ಮರೆತರು. ಆ ಮನೆಯ ಅಡಿಗೆಯ ನೆಲ್ಲಿ ಆಂಟಿ ಹಂಡೆಯ ಒಲೆಗೆ ಬೆಂಕಿ ಹಾಕುವಾಗ ಬಾಗಿಲು ಕಿಟಕಿ ತೆರೆದಿದ್ದವು, ಹೊಗೆ ಹೇಗೋ ಹೊರಗೆ ಹೋಯಿತು. ಮೆರ್ಲಿನ್ ಎಲ್ಲ ಮುಚ್ಚಿಕೊಂಡು ಸ್ನಾನಕ್ಕೆ ನಿಂತಾಗ ಒಲೆಯಲ್ಲಿ ತೆಂಗಿನ ಗೆರಟೆಯ ಕೆಂಡ ಮಾತ್ರ ಇತ್ತು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೇಲೆ ದಾರಿ ಕಟ್ಟಿದ್ದರಿಂದ ಅದು ಕೋಣೆಯಲ್ಲೇ ನಿಂತಿತು.

ನಾನು ಈ ಲೆಕ್ಕದಲ್ಲಿ ನಾಲ್ಕು ದಿನದಿಂದ ತಪ್ಪು ಹುಡುಕುತ್ತಿದ್ದೆ. ನಿಜ ಹೇಳುತ್ತೇನೆ, ತಪ್ಪು ಸಿಗಲಿಕ್ಕಿಲ್ಲ ಎಂಬ ಹೆದರಿಕೆ ನನಗೇ ಎಲ್ಲರಿಗಿಂತ ಹೆಚ್ಚು ಇತ್ತು.

ಯಾಕೆಂದರೆ ಈಚೆಗೆ ಅಪ್ಪ ಮರೆಯುತ್ತಿದ್ದಾರೆ. ಹೆಂಚಿನ ಕಾರ್ಖಾನೆಯ ನೂರಡಿ ಚಿಮಣಿ ಹತ್ತಿ ಬೆಳೆದ ಮನುಷ್ಯ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಬೇಕರಿ, ಹೋಟೆಲು, ಹಳೆಯ ಬಂಗಲೆ ಎಂದು ಇದೇ ಕಸುಬು ಹಿಡಿದರು. ಯಾವ ಮನೆಯ ಕೊಳವೆ ಎಲ್ಲಿ ಬಾಗುತ್ತದೆಂದು ಕಾಗದ ನೋಡದೆ ಹೇಳುತ್ತಿದ್ದರು. ಅಂಥವರು ಹೋದ ಶನಿವಾರ ಕುದ್ರೋಳಿಯ ಬೇಕರಿಯಲ್ಲಿ ಏಣಿಯನ್ನೇ ಬಿಟ್ಟು ಬಂದರು. ಹನ್ನೆರಡು ಮೆಟ್ಟಿಲ ಏಣಿ, ಚೀಲದಿಂದ ಜಾರಿ ಬೀಳುವ ಸ್ಕ್ರೂಡ್ರೈವರ್ ಅಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ ಅದನ್ನು ತರುತ್ತೇನೆಂದು ವ್ಯಾನ್ ತೆಗೆದುಕೊಂಡು ಹೋದವರು ಮುಸ್ಸಂಜೆಗೆ ಬರಿಗೈಯಲ್ಲಿ ಬಂದರು. "ಬೇಕರಿ ಮುಚ್ಚಿತ್ತು," ಎಂದರು. ಭಾನುವಾರ ಮಧ್ಯಾಹ್ನದ ಮೇಲೆ ಅದು ಮುಚ್ಚಿರುತ್ತದೆಂದು ನೆನಪಿಲ್ಲವೇ ಎಂದು ನಾನು ಬೈದೆ. ನಾಲ್ಕನೆಯ ಮೆಟ್ಟಿಲು ಸಡಿಲವಾದ ಆ ಏಣಿಯನ್ನು ಯಾರಾದರೂ ಗೊತ್ತಿಲ್ಲದೆ ಹತ್ತಿ ಬಿದ್ದರೆ ಎಂದೂ ರೇಗಿದೆ. ಅಪ್ಪ ಕೈಕಾಲು ತೊಳೆಯಲು ಹೋದರು.

ನನ್ನದೂ ಒಂದು ಪಾಪ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಕೆಲಸಕ್ಕೊಂದು ಕ್ರಮ ಉಂಟು. ಹಳೆಯ ಕೆಂಪುಕಲ್ಲಿನ ಚಿಮಣಿಯೊಳಗೆ ಸ್ಟೀಲಿನ ಕೊಳವೆ ಇಳಿಸಿರುತ್ತೇವೆ, ಅದಕ್ಕೆ ಲೈನರ್ ಎನ್ನುತ್ತಾರೆ. ಮೊದಲು ಬ್ರಶ್ಶಿನಿಂದ ಅದರ ಮಸಿ ತೆಗೆಯುವುದು, ಆಮೇಲೆ ನಾನು ಕ್ಯಾಮೆರಾ ಇಳಿಸಿ ನೋಡುವುದು. ಎಲ್ಲ ಮುಗಿದ ಮೇಲೆ ಅಪ್ಪ ಮೇಲಿನಿಂದ ಸುಲಿದ ತೆಂಗಿನಕಾಯಿಯೊಂದನ್ನು ಕೊಳವೆಯೊಳಗೆ ಬಿಡುತ್ತಾರೆ. ಕೆಳಗೆ ಒಲೆಯಲ್ಲಿ ಮಡಚಿ ಹಾಸಿದ ಗೋಣಿಯ ಮೇಲೆ ಅದು ಧೊಪ್ಪೆಂದು ಬಿದ್ದರೆ ದಾರಿ ಸರಿ ಉಂಟು ಎಂದರ್ಥ. ಮಸಿ ಮೆತ್ತಿದ ಆ ಕಾಯಿಯನ್ನು ಅದೇ ಗೋಣಿಯಲ್ಲಿ ಸುತ್ತಿ ಮನೆಯವರ ಕೈಗೆ ಕೊಟ್ಟು ಬರುವುದು ಅಪ್ಪನ ಪದ್ಧತಿ. ಕ್ಯಾಮೆರಾ ಬಂದ ಮೇಲೆ ಇದೆಲ್ಲ ಯಾಕೆ ಎಂದರೆ, "ಕ್ಯಾಮೆರಾ ನೀನು ನೋಡುವುದು, ಕಾಯಿ ಮನೆಯವರು ನೋಡುವುದು," ಎನ್ನುತ್ತಿದ್ದರು.

ಕೊನೆಗೆ ಮಾಡಬೇಕಾದ ಈ ಪರೀಕ್ಷೆಯನ್ನು ಆ ಗುರುವಾರ ಗಾರೆ ಕೆಲಸಕ್ಕಿಂತ ಮೊದಲೇ ಮಾಡಿಸಿದ್ದು ನಾನು. ಉಳ್ಳಾಲದ ಹೋಟೆಲಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಕಾಯಿ ಬಿತ್ತು, ನಾನು 'ಎಲ್ಲ ಸರಿ' ಎಂಬ ಫಾರ್ಮಿಗೆ ಸಹಿ ಹಾಕಿ ಓಡಿದೆ. ಗಾರೆ ಹಾಕಲು ಅಪ್ಪ ಒಬ್ಬರೇ ಮೇಲೆ ಉಳಿದರು. ನಾನು ಇನ್ನರ್ಧ ಗಂಟೆ ನಿಂತಿದ್ದರೆ ಗೋಣಿ ತೆಗೆದದ್ದನ್ನೋ ಮರೆತದ್ದನ್ನೋ ನನ್ನ ಕಣ್ಣೇ ನೋಡುತ್ತಿತ್ತು.

"ನಾಲ್ಕು ಗಂಟೆಗೆ ರಿಪೋರ್ಟ್ ಕಳಿಸ್ಬೇಕು," ಎಂದರು ಸುಪ್ರೀತಾ. ಅವರ ದನಿಯಲ್ಲಿ ಗಡಸಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ಅರೆಸ್ಟ್ ತೋರಿಸ್ಬೇಕಾಗ್ತದೆ ಗ್ರೀಷ್ಮಾ. ಆ ಹುಡುಗಿಗೆ ಹೆಚ್ಚುಕಡಿಮೆ ಆದ್ರೆ ಸೆಕ್ಷನ್ ಕೂಡ ಬದಲಾಗ್ತದೆ."

ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು.

"ಮೇಡಂ, ಆ ಗೋಣಿ ಒಮ್ಮೆ ನೋಡ್ಬಹುದಾ?"

"ಮುಟ್ಲಿಕ್ಕಿಲ್ಲ."

ಕಾನ್‌ಸ್ಟೇಬಲ್ ಪಾರದರ್ಶಕ ಚೀಲವೊಂದನ್ನು ತಂದು ಮೇಜಿನ ಮೇಲೆ ಬಿಡಿಸಿದರು. ಮೂಲೆಯಲ್ಲಿ ನೀಲಿ ಬಣ್ಣದ 'ತಾ'. ಅಪ್ಪ ತಮ್ಮ ಎಲ್ಲ ಗೋಣಿಗಳಿಗೂ ಹಾಕುವ ಗುರುತು. ಚೀಲವನ್ನು ಮಗುಚಿ ಹಾಕಿ ಎಂದೆ. ಮಗುಚಿದರು.

ಗೋಣಿಯ ನಡುವೆ ಒಂದು ದುಂಡನೆಯ ಕಪ್ಪು ಕಲೆ. ಕೈ ಅಗಲಿಸಿ ಇಟ್ಟರೆ ಮುಚ್ಚುವಷ್ಟು ದೊಡ್ಡದು. ಅದರ ಹೊರತು ಅಲ್ಲಲ್ಲಿ ಮಸಿ, ಒಂದಿಷ್ಟು ತೆಂಗಿನ ನಾರು.

ನಾನು ಬಗ್ಗಿ ಒಂದೊಂದು ಅಂಗುಲವನ್ನೂ ನೋಡಿದೆ. ಇರಬೇಕಾದ್ದೊಂದು ಅಲ್ಲಿ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಇನ್ನೊಂದು ಜಾಗ ನೋಡದೆ ಮಾತಾಡಿದರೆ ಆ ಮಾತೇ ನಮಗೆ ಉರುಳಾಗಬಹುದಿತ್ತು.

"ಒಂದು ಗಂಟೆ ಕೊಡಿ ಮೇಡಂ. ದೇರೆಬೈಲಿಗೆ ಹೋಗಿ ಬರ್ತೇನೆ."

ಅಪ್ಪ ತಟ್ಟನೆ ತಲೆಯೆತ್ತಿದರು. "ಬೇಡ ಮಗಾ. ಆ ಮನೆಗೆ ನೀನು ಹೋಗುವುದು ಬೇಡ."

"ಯಾಕಪ್ಪ?"

"ಅವರ ಹುಡುಗಿ ಆಸ್ಪತ್ರೆಯಲ್ಲಿ ಉಂಟು. ಎಂತ ಮುಖ ಹೊತ್ತು ಹೋಗ್ತಿ? ನನ್ನ ತಲೆ ಸರಿ ಇಲ್ಲ, ಮರೆತೆ ಅಂತ ಬರ್ಕೊಡ್ತೇನೆ. ಮುಗೀತು."

"ಬರ್ಕೊಟ್ರೆ ನೋಡಿ," ಎಂದೆ. ಠಾಣೆ ಎಂಬುದನ್ನೂ ಮರೆತು ಕೂಗಿದ್ದೆ. "ನಾನು ಬರುವವರೆಗೆ ಒಂದಕ್ಷರ ಬರೀಬೇಡಿ. ಮೇಡಂ, ಬರೆಸ್ಬೇಡಿ."

ಅಪ್ಪ ಮೊಣಕಾಲಿನ ಮೇಲೆ ಕೈ ಊರಿ ನೆಲ ನೋಡುತ್ತ ಕೂತರು. ಆ ಕೈಗಳು ನಡುಗುತ್ತಿದ್ದವು.

ವ್ಯಾನ್ ಠಾಣೆಯ ಹೊರಗೆ ಬಾದಾಮಿ ಮರದ ಕೆಳಗಿತ್ತು. ಹಿಂಬಾಗಿಲಿನ ಹಿಡಿಕೆಗೆ ಕೈ ಹಾಕಿದೆ, ತೆರೆಯಲು ಧೈರ್ಯ ಬರಲಿಲ್ಲ. ಪೈಪಿನ ಬಾಯಿಗೆ ಗೋಣಿ ತುರುಕಿ ಗಾರೆ ಹಾಕಿದರೆ ಕರಣೆಯಿಂದ ಉದುರಿದ್ದೆಲ್ಲ ಆ ಗೋಣಿಯ ಮೇಲೆ ಬೀಳುತ್ತದೆ, ಒಣಗಿ ಗಟ್ಟಿಯಾಗಿ ಅಂಟುತ್ತದೆ. ಗಾರೆ ಒಳಗೆ ಬೀಳದಿರಲೆಂದೇ ಅದನ್ನು ತುರುಕುವುದು. ಪೊಲೀಸರ ಬಳಿಯಿದ್ದ ಗೋಣಿಯಲ್ಲಿ ಗಾರೆಯ ಒಂದು ಕಾಳೂ ಇರಲಿಲ್ಲ.

ಹಾಗಾದರೆ ಗಾರೆ ಮೆತ್ತಿದ ಗೋಣಿ ಬೇರೆ ಎಲ್ಲೋ ಇರಬೇಕು. ಅಪ್ಪ ಅದನ್ನು ತೆಗೆದದ್ದು ನಿಜವಾದರೆ ಈ ವ್ಯಾನಿನಲ್ಲಿ ಇರಬೇಕು. ಇಲ್ಲದಿದ್ದರೆ?

ತೆರೆದೆ. ಬ್ರಶ್ಶಿನ ಕೋಲುಗಳು, ಬಕೆಟು, ಹಗ್ಗ, ಕ್ಯಾಮೆರಾದ ಪೆಟ್ಟಿಗೆ. ಒಂದೊಂದನ್ನೇ ಎಳೆದು ರಸ್ತೆಗೆ ಹಾಕಿದೆ. ಗೋಣಿ ಕಾಣಲಿಲ್ಲ. ಹೆಚ್ಚುವರಿ ಟಯರಿನ ಹಿಂದೆ ಕೈ ತೂರಿಸಿದೆ. ಬೆರಳಿಗೆ ಒರಟಾದದ್ದೇನೋ ತಾಗಿತು.

ಎಳೆದೆ. ಗೋಣಿ ಬಂತು. ಅದರ ಮೇಲೆ ಹಪ್ಪಳದಂತೆ ಒಣಗಿ ಬಿರಿದ ಗಾರೆ, ಕೆಂಪು ಬಣ್ಣದ್ದು.

ನಾನು ರಸ್ತೆಯಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಆಟೋದವರೊಬ್ಬರು ನಿಧಾನಿಸಿ "ಎಂತ ಆಯ್ತು?" ಎಂದು ಕೇಳಿದರು. ಏನಿಲ್ಲ ಎಂದು ತಲೆಯಾಡಿಸಿದೆ. ಕೆಂಪು ಗಾರೆ! ಹಳೆಯ ಕಲ್ಲಿನ ಬಣ್ಣಕ್ಕೆ ಹೊಂದಬೇಕೆಂದು ವಿನಿಫ್ರೆಡ್ ಆಂಟಿ ಹಟ ಹಿಡಿದಿದ್ದರು. ಅಪ್ಪ ಗೊಣಗುತ್ತಲೇ ಕಾವಿ ಬೆರೆಸಿದ್ದರು. ಈ ವರ್ಷ ಬೇರೆ ಯಾವ ಮನೆಗೂ ನಾವು ಕೆಂಪು ಗಾರೆ ಹಾಕಿಲ್ಲ.

ಅಪ್ಪ ಮರೆತಿರಲಿಲ್ಲ. ಗೋಣಿ ತೆಗೆದಿದ್ದರು, ತೆಗೆದದ್ದನ್ನು ಮರೆತಿದ್ದರು, ಅಷ್ಟೇ. ನಾಲ್ಕು ದಿನದಿಂದ ಮನಸ್ಸಿನೊಳಗೆ ನಾನೂ ಅವರನ್ನು ಅಪರಾಧಿ ಮಾಡಿದ್ದೆ. ನಾಚಿಕೆಯಾಯಿತು.

ಕೂಡಲೇ ಒಳಗೆ ಓಡಬಹುದಿತ್ತು. ಆದರೆ ಸುಪ್ರೀತಾ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು. ಅದೂ ನಿಮ್ಮದೇ ಗೋಣಿ, ಇದೂ ನಿಮ್ಮದೇ ಗೋಣಿ, ಎರಡನ್ನೂ ತುರುಕಿ ಒಂದನ್ನು ಮರೆತಿರಲಿಕ್ಕಿಲ್ಲ ಎನ್ನುವುದು ಹೇಗೆ? ದುಂಡು ಕಲೆಯ ಗೋಣಿ ತೆಂಗಿನಕಾಯಿ ಬಿದ್ದ ಗೋಣಿ. ಗಾರೆ ಹಾಕುವ ಹೊತ್ತಿಗೆ ಅದು ಕೆಳಗೆ ಮನೆಯವರ ಕೈ ಸೇರಿತ್ತು ಎಂದು ಆ ಮನೆಯವರೇ ಹೇಳಬೇಕು. ಹೇಳಿದರೆ, ಆ ಮನೆಯೊಳಗಿಂದ ಅದನ್ನು ಎತ್ತಿಕೊಂಡು ಹೋಗಿ ಬೇಕೆಂದೇ ಕೊಳವೆಗೆ ತುರುಕಿದವರು ಬೇರೆ ಯಾರೋ ಇದ್ದಾರೆ.

ವ್ಯಾನ್ ಹತ್ತಿದೆ. ಎರಡೂ ಮುಕ್ಕಾಲು.

ಲೇಡಿಹಿಲ್ ವೃತ್ತದಲ್ಲಿ ಸಿಕ್ಕಿಬಿದ್ದು ಹಾರ್ನ್ ಬಾರಿಸಿ ಬೈಸಿಕೊಂಡು ದೇರೆಬೈಲು ಮುಟ್ಟುವಾಗ ಮೂರೂ ಹತ್ತು. ಅಂಗಳದ ಚಪ್ಪರವನ್ನು ಯಾರೂ ಬಿಚ್ಚಿರಲಿಲ್ಲ. ಬಲೂನುಗಳು ಸೊರಗಿ ನೇತಾಡುತ್ತಿದ್ದವು. ಮುಂಬಾಗಿಲಿಗೆ ಹೋದರೆ ಒಳಗೆ ಬಿಡಲಿಕ್ಕಿಲ್ಲ ಎಂದು ಹಿತ್ತಿಲಿನಿಂದ ಸುತ್ತಿ ಬಂದೆ.

ಬಚ್ಚಲುಮನೆ ಮನೆಯ ಹಿಂಬದಿಗೆ ಅಂಟಿಕೊಂಡಿತ್ತು. ಬಾಗಿಲು ಮುರಿದು ಒಂದು ತಿರುಗಣಿಯಲ್ಲಿ ನಿಂತಿತ್ತು. ಗೋಡೆಯ ಹಿಂದೆ ಚಪ್ಪರದ ಬೊಂಬುಗಳ ಪಕ್ಕ ಏಣಿಯೊಂದು ಒರಗಿತ್ತು. ಮೇಲೆ ಒಂದು ಸಲ ನೋಡಿಬಿಡೋಣ ಎಂದು ಹತ್ತಿದೆ. ಮೂರು ಮೆಟ್ಟಿಲು ಹತ್ತಿ, ನಾಲ್ಕನೆಯದನ್ನು ದಾಟಿ ಐದಕ್ಕೆ ಕಾಲಿಟ್ಟು, ಸರಸರನೆ ಹೆಂಚಿನ ಅಂಚು ಮುಟ್ಟಿದೆ.

ಪೊಲೀಸರು ಬಿಚ್ಚಿದ ತಗಡಿನ ಟೋಪಿ ಪಕ್ಕಕ್ಕೆ ಬಿದ್ದಿತ್ತು. ಮಳೆ ನೀರು ಒಳಗೆ ಹೋಗದಂತೆ ಕೊಳವೆಯ ಮೇಲೆ ಕೂರಿಸುವ ಟೋಪಿ ಅದು, ನಾಲ್ಕು ಸ್ಕ್ರೂ. ಅಪ್ಪನ ಕೆಂಪು ಗಾರೆ ಕೊಳವೆಯ ಸುತ್ತ ನುಣ್ಣಗೆ ಕೂತಿತ್ತು. ಗೋಣಿಯ ಒಂದು ಎಳೆಯೂ ಅದಕ್ಕೆ ಅಂಟಿರಲಿಲ್ಲ. ಗಾರೆ ಒಣಗುವ ಮೊದಲೇ ಅಪ್ಪ ಗೋಣಿ ತೆಗೆದಿದ್ದರು, ನನ್ನ ಲೆಕ್ಕ ಸರಿ ಇತ್ತು.

ಆದರೆ ಸ್ಕ್ರೂಗಳನ್ನು ನೋಡಿ ಕೈ ನಿಂತಿತು. ನಾಲ್ಕನ್ನೂ ಬಿಗಿಯಾಗಿ ತಿರುಗಿಸಿದ್ದರು, ಬಿಚ್ಚಲು ತಮಗೆ ಕಾಲು ಗಂಟೆ ಹಿಡಿಯಿತೆಂದು ಕಾನ್‌ಸ್ಟೇಬಲ್ ಹೇಳಿದ್ದು ನೆನಪಾಯಿತು. ಗೋಣಿ ತುರುಕಿದವರು ಅವಸರದಲ್ಲಿ ಓಡಿರಲಿಲ್ಲ. ಟೋಪಿ ಕೂರಿಸಿ, ತಕ್ಕ ಸ್ಕ್ರೂಡ್ರೈವರ್ ಹಿಡಿದು, ಒಂದೊಂದನ್ನೂ ಬಿಗಿಮಾಡಿ ಇಳಿದಿದ್ದರು. ಕೈಕೆಲಸ ಗೊತ್ತಿದ್ದವರು.

"ಇಳಿ ಕೆಳಗೆ!"

ಕೆಳಗೆ ಗ್ಲೆನ್ ನಿಂತಿದ್ದ. ಮೆರ್ಲಿನ್‌ಳ ಅಣ್ಣ. ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ, ತಂಗಿಯ ಮದುವೆಗೆಂದು ರಜೆ ಹಾಕಿ ಬಂದವನು. ಆ ಕ್ಷಣದಲ್ಲಿ ನನಗೆ ಮೊದಲು ಹೊಳೆದದ್ದು ಅವನ ಕೆಲಸವೇ.

ಇಳಿದೆ. ಅವನ ಕಣ್ಣುಗಳು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು.

"ನಿನ್ನ ಅಪ್ಪ ನನ್ನ ತಂಗಿಯನ್ನು ಕೊಲ್ಲಲಿಕ್ಕೆ ನೋಡಿದ್ದು. ಮಗಳು ಸಾಕ್ಷಿ ಒರಸ್ಲಿಕ್ಕೆ ಬಂದದ್ದಾ?"

"ನನ್ನ ಅಪ್ಪ ಗೋಣಿ ಮರೆತಿಲ್ಲ. ಅವರದ್ದು ವ್ಯಾನಿನಲ್ಲಿ ಉಂಟು, ತೋರಿಸ್ತೇನೆ. ಚಿಮಣಿಯಲ್ಲಿದ್ದದ್ದು ನಿಮ್ಮ ಮನೆಯಿಂದ ಹೋದದ್ದು. ಯಾರೋ ಬೇಕಂತಲೇ ಹಾಕಿದ್ದಾರೆ."

"ಎಂತ ಹೇಳ್ತಾ ಇದ್ದೀ ನೀನು?"

"ಟೋಪಿಯ ಸ್ಕ್ರೂ ನೋಡಿದ್ರೆ ಹಾಕಿದವರಿಗೆ ಟೂಲ್ಸ್ ಹಿಡಿದು ಅಭ್ಯಾಸ ಉಂಟು. ಈ ಮನೆಯಲ್ಲಿ ಅಂಥವರು ಯಾರು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಹೊಡೆಯುತ್ತಾನೆಂದೇ ಎಣಿಸಿದೆ. ಹಿಂದೆ ಸರಿಯಲಿಲ್ಲ.

"ಹುಡುಗ ಆಲ್ವಿನ್ ನಿಮಗೆ ಇಷ್ಟ ಇರ್ಲಿಲ್ಲ," ಎಂದೆ. "ಮದುವೆ ಬೇಡ ಅಂತ ಗಲಾಟೆ ಮಾಡಿದ್ರಿ. ಊರಿಗೆಲ್ಲ ಗೊತ್ತುಂಟು. ಗ್ಯಾಸ್ ಗೀಸರ್ ಇದ್ರೂ ಒಲೆಯ ನೀರೇ ಆಗ್ಬೇಕು ಅಂತ ಹೇಳಿದ್ದು ಕೂಡ ನೀವೇ."

"ಹೌದು, ನಾನೇ ಹೇಳಿದ್ದು!" ಅವನ ದನಿ ಒಡೆಯಿತು. "ಮಮ್ಮಿಗೆ ಇದೇ ಬಚ್ಚಲಿನಲ್ಲಿ ರೋಸ್‌ನ ನೀರು ಹಾಕಿದ್ದು, ಅಜ್ಜಿಗೂ ಇದೇ. ಮೆರ್ಲಿನ್‌ಗೂ ಹಾಗೇ ಆಗ್ಬೇಕು ಅಂತ ನನಗೆ ಆಸೆ. ಆಲ್ವಿನ್ ಇಷ್ಟ ಇರ್ಲಿಲ್ಲ, ಸರಿ. ಅದಕ್ಕೆ ತಂಗಿಯನ್ನು ಸಾಯಿಸ್ತಾರಾ ಮಾರಾಯ್ತಿ?"

ಅವನು ಅಂಗಿಯ ಕಾಲರ್ ಎಳೆದು ಹೆಗಲು ತೋರಿಸಿದ. ಕುತ್ತಿಗೆಯಿಂದ ತೋಳಿನವರೆಗೆ ನೀಲಿಗಟ್ಟಿತ್ತು.

"ಬಾಗಿಲು ಒಡೆದದ್ದು ನಾನು. ಅವಳನ್ನು ಎತ್ತಿ ಹೊರಗೆ ತಂದದ್ದು ನಾನು. ಆ ದಿನ ಎರಡು ಗಂಟೆಯಿಂದ ಫೋಟೋದವರ ಜೊತೆ ಚಪ್ಪರದಲ್ಲೇ ಇದ್ದೆ. ಒಂದೊಂದು ಫೋಟೋದಲ್ಲಿ ಟೈಮ್ ಉಂಟು. ನೋಡ್ತಿಯಾ?"

ಫೋನು ನನ್ನ ಮುಖಕ್ಕೆ ಹಿಡಿದ. ನಾನು ನೋಡಿದೆ. ಎರಡೂವರೆ, ಎರಡೂ ಐವತ್ತು, ಮೂರೂ ಹತ್ತು, ಮೂರೂವರೆ, ನಾಲ್ಕು. ಎಲ್ಲದರಲ್ಲೂ ಅವನು ಇದ್ದ, ನಗುತ್ತಿದ್ದ. ಮೂರೂ ಹತ್ತರದ್ದೊಂದು ಬಿಟ್ಟು ಉಳಿದೆಲ್ಲದರಲ್ಲೂ ಚಪ್ಪರದ ಆಚೆ ನಮ್ಮ ಚಿಮಣಿ ಕಾಣುತ್ತಿತ್ತು.

ಒಂದು ಫೋಟೋವನ್ನು ದೊಡ್ಡದು ಮಾಡಿದೆ. ಎರಡೂ ಐವತ್ತಕ್ಕೆ ಚಿಮಣಿಯ ಟೋಪಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮೂರೂವರೆಯದರಲ್ಲಿ ಇರಲಿಲ್ಲ.

"ನೋಡಿ, ಇಲ್ಲಿ ನೋಡಿ! ಗೋಣಿ ಗುರುವಾರದಿಂದ ಇದ್ದಿದ್ರೆ ಈ ಹೊಗೆ ಎಲ್ಲಿಂದ ಬಂತು? ಭಾನುವಾರ ಮೂರರ ಹೊತ್ತಿಗೆ ಯಾರೋ ಹತ್ತಿದ್ದಾರೆ."

ಗ್ಲೆನ್ ಫೋನನ್ನೂ ನನ್ನನ್ನೂ ನೋಡಿದ. ಅವನ ಸಿಟ್ಟು ಇಳಿದು ಮುಖದಲ್ಲಿ ಹೆದರಿಕೆ ಮೂಡಿತು. ತನ್ನ ಮನೆಯವರನ್ನೇ ಒಬ್ಬೊಬ್ಬರಾಗಿ ನೆನೆಯುತ್ತಿದ್ದಾನೆಂದು ನನಗೆ ಗೊತ್ತಾಯಿತು.

"ಅಡಿಗೆಮನೆ ಕಡೆ ನೆಲ್ಲಿ ಆಂಟಿ ಇದ್ರು ಆ ಹೊತ್ತಿಗೆ," ಎಂದ ಮೆಲ್ಲಗೆ. "ಅವರು ನೋಡಿರ್ಬೇಕು."

ನೆಲ್ಲಿ ಆಂಟಿ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಅಡಿಗೆ ಮಾಡುತ್ತಿದ್ದವರು. ಹಿತ್ತಿಲ ಕಡೆಯ ಅಡಿಗೆಮನೆಯಲ್ಲಿ ಮಣೆಯ ಮೇಲೆ ಜಪಸರ ಹಿಡಿದು ಕೂತಿದ್ದರು. ನನ್ನನ್ನು ನೋಡಿ "ಅಯ್ಯೋ ದೇವಾ!" ಎಂದು ಎದ್ದರು. ನಾಲ್ಕು ದಿನದಲ್ಲಿ ಆ ಮನೆಯಲ್ಲಿ ನನ್ನ ಕೈ ಹಿಡಿದವರು ಅವರೊಬ್ಬರೇ.

"ಅಪ್ಪ ಹೇಗಿದ್ದಾರೆ ಮಗಾ? ಊಟ ಮಾಡ್ತಾರಾ?"

"ಠಾಣೆಯಲ್ಲಿ ಇದ್ದಾರೆ ಆಂಟಿ. ನಾಲ್ಕು ಗಂಟೆಗೆ ಅರೆಸ್ಟ್ ಅಂತೆ. ನೀವು ಮನಸ್ಸು ಮಾಡಿದ್ರೆ ತಪ್ಪಿಸ್ಬಹುದು. ಗುರುವಾರ ಅಪ್ಪ ಕಾಯಿ ಕೊಟ್ಟದ್ದು ನೆನಪುಂಟಾ?"

"ಉಂಟಲ್ಲ." ಅವರು ಕಪಾಟಿನ ಮೇಲಿಂದ ಮಸಿ ಹಿಡಿದ ತೆಂಗಿನಕಾಯಿ ಇಳಿಸಿದರು. "ಮಸಿಯ ಕಾಯಿ ರೋಸಿಗೆ ಆಗ್ಲಿಕ್ಕಿಲ್ಲ ಅಂತ ತೆಗೆದಿಟ್ಟೆ. ಆಮೇಲೆ ಒಡೀಲಿಕ್ಕೆ ಕೈ ಬರ್ಲಿಲ್ಲ."

"ಗೋಣಿ?"

"ಗೋಣಿ ಅಲ್ಲಿ ಮೊಳೆಗೆ ನೇತು ಹಾಕಿದ್ದೆ, ಸೌದೆ ಮೂಲೆಯಲ್ಲಿ. ನಿನ್ನ ಅಪ್ಪ ಆಗ ಮೇಲೆ ಗಾರೆ ಹಾಕ್ತಾ ಇದ್ರು."

ಮೊಳೆ ಖಾಲಿ ಇತ್ತು.

ಮೂರೂ ಮೂವತ್ತೈದು. ಸುಪ್ರೀತಾ ಅವರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಅಡಿಗೆ ಕಟ್ಟೆಯ ಮೇಲೆ, ಆ ತೆಂಗಿನಕಾಯಿಯ ಪಕ್ಕ ಇಟ್ಟೆ. ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕೆಂಪು ಗಾರೆಯ ಗೋಣಿ, ದುಂಡು ಕಲೆಯ ಗೋಣಿ, ಫೋಟೋದಲ್ಲಿನ ಹೊಗೆ.

"ಇನ್ನೊಂದು ಮೇಡಂ. ಎಲ್ಲ ಸರಿ ಅಂತ ಫಾರ್ಮಿಗೆ ನಾನು ಮೊದಲೇ ಸಹಿ ಹಾಕಿ ಹೋದದ್ದು. ಗಾರೆ ಕೆಲಸ ನೋಡ್ಲಿಲ್ಲ. ಅದನ್ನೂ ಬರ್ಕೊಳ್ಳಿ." ಹೇಳಿದ ಮೇಲೆ ಎದೆ ಹಗುರವಾಯಿತು.

"ಫೋಟೋ ಕೂಡಲೇ ಕಳಿಸು," ಎಂದರು ಸುಪ್ರೀತಾ. "ನೀನು ಹೇಳುವುದು ಸರಿ ಇದ್ರೆ ಇದು ಅಜಾಗ್ರತೆಯ ಕೇಸೇ ಅಲ್ಲ. ಕೊಲೆ ಪ್ರಯತ್ನ. ನೆಲ್ಲಿಯವರೇ, ಕೇಳ್ತದಾ? ಮೊಳೆಯಲ್ಲಿದ್ದ ಗೋಣಿ ಯಾರು ತೆಗೆದ್ರು?"

ನೆಲ್ಲಿ ಆಂಟಿ ಜಪಸರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. ಅವರ ಕಣ್ಣು ಬಾಗಿಲ ಕಡೆ ಹೋಯಿತು.

ಬಾಗಿಲಲ್ಲಿ ಗ್ಲೆನ್ ನಿಂತಿದ್ದ.

"ಅವರಿಗೆ ಹೆದರ್ಬೇಡಿ ಆಂಟಿ," ಎಂದೆ.

"ಹೆದರಿಕೆ ಅಲ್ಲ ಮಗಾ. ನನ್ನನ್ನು ಕೇಳ್ಬೇಡ."

"ನೋಡಿದ್ದೀರಾ, ಇಲ್ವಾ?"

"ನೋಡಿದ್ದೇನೆ. ಪೊಲೀಸರು ಮನೆಯೊಳಗೆ ಯಾರು ಬಂದ್ರು ಅಂತ ಕೇಳಿದ್ರು. ಒಳಗೆ ಬರ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ. ಈಗ ಬೇಡ ಮಾರಾಯ್ತಿ, ಬಿಟ್ಟುಬಿಡು." ಅವರ ಕಣ್ಣಲ್ಲಿ ನೀರಿತ್ತು.

ಬಿಡುವುದೇ?! ನಾಲ್ಕು ದಿನ ಅನ್ನ ಸೇರಿರಲಿಲ್ಲ, ಅಪ್ಪ ಅಲ್ಲಿ ನಡುಗುತ್ತ ಕೂತಿದ್ದರು, ಉತ್ತರ ನನ್ನಿಂದ ಮೂರಡಿ ದೂರದಲ್ಲಿತ್ತು. ನಾನು ಅವರ ಎರಡೂ ಕೈ ಹಿಡಿದೆ.

"ಆಂಟಿ, ನನ್ನ ಅಪ್ಪನ ಮುಖ ನೆನೆಸಿಕೊಳ್ಳಿ. ಯಾರೇ ಆಗ್ಲಿ, ಹೆಸರು ಹೇಳಿ. ನಿಮಗೆ ಎಂತದೂ ಆಗದ ಹಾಗೆ ನಾನು ನೋಡ್ತೇನೆ. ಹೇಳಿ."

ನೆಲ್ಲಿ ಆಂಟಿ ನನ್ನನ್ನೇ ನೋಡಿದರು.

"ನಿನ್ನ ಅಪ್ಪ," ಎಂದರು.

ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ.

"ಭಾನುವಾರ ಮೂರು ಗಂಟೆಗೆ. ನಾನು ಇಲ್ಲೇ ಕೂತು ಕಾಯಿಹಾಲು ಹಿಂಡ್ತಾ ಇದ್ದೆ. ಹಿತ್ತಿಲಿನಿಂದ ಬಂದ್ರು, ಏಣಿ ಹೊತ್ತುಕೊಂಡು. ಟೋಪಿ ಸಡಿಲ ಉಂಟು ಬಾಯಮ್ಮ, ಬಿಗಿ ಮಾಡ್ತೇನೆ ಅಂದ್ರು. ಆ ಗೋಣಿ ಒಮ್ಮೆ ಕೊಡಿ ಅಂದ್ರು. ನಾನೇ ತೆಗೆದು ಕೊಟ್ಟೆ." ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. "ಚಾ ಕುಡೀರಿ ಅಂದೆ. ಬೇಡ ಅಂದ್ರು. ಮುಖ ಎಂತದೋ ಆಗಿತ್ತು. ಇಳಿದವರು ಏಣಿ ಕೂಡ ಬಿಟ್ಟು ಹೋದ್ರು."

ನಾನು ಬಾಗಿಲ ಕಡೆ ತಿರುಗಿದೆ. ಗ್ಲೆನ್ ಪಕ್ಕಕ್ಕೆ ಸರಿದ. ಅವನ ಹಿಂದೆ, ಬಚ್ಚಲಿನ ಗೋಡೆಗೆ ಒರಗಿ, ಹನ್ನೆರಡು ಮೆಟ್ಟಿಲ ಏಣಿ ನಿಂತಿತ್ತು. ಕುದ್ರೋಳಿಯಲ್ಲಿ ಇರಬೇಕಾದ, ಬೇಕರಿ ಮುಚ್ಚಿತ್ತೆಂದು ಅಪ್ಪ ತಾರದೆ ಬಂದಿದ್ದ ಏಣಿ. ಅರ್ಧ ಗಂಟೆ ಮೊದಲು ನಾನೇ ಅದನ್ನು ಹತ್ತಿ ಇಳಿದಿದ್ದೆ. ನಾಲ್ಕನೆಯ ಮೆಟ್ಟಿಲು ಬಿಟ್ಟು ಹತ್ತಿದ್ದೆ, ದಿನವೂ ಹತ್ತುವ ಹಾಗೆ.

ಫೋನಿನ ಗಾಜಿನ ಮೇಲೆ ಸುಪ್ರೀತಾ ಅವರ ಹೆಸರು ಹೊಳೆಯುತ್ತಲೇ ಇತ್ತು. ಕರೆ ಕಡಿಯಲು ಕೈ ಚಾಚಿದೆ. ಎಲ್ಲ ಕೇಳಿ ಆಗಿತ್ತು, ಇನ್ನು ಕಡಿದು ಏನು ಪ್ರಯೋಜನ?

ಆ ಕಡೆ ಕುರ್ಚಿಯೊಂದು ನೆಲದ ಮೇಲೆ ಜರುಗಿದ ಸದ್ದಾಯಿತು. ಅವರೂ ಸ್ಪೀಕರ್ ಹಾಕಿಯೇ ಕೂತಿದ್ದರೆಂದು ಆಗ ತಿಳಿಯಿತು.

"ನೆಲ್ಲಿ ಬಾಯಮ್ಮ ಹೇಳಿದ್ದು ಸರಿ ಮೇಡಂ," ಎಂದರು ಅಪ್ಪ. ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ. "ಗೋಣಿ ತುರುಕಿದ್ದು ನಾನೇ. ಅದು ನನಗೆ ನೆನಪುಂಟು."